ಬೇರೆ ಒಲೆ

೨೦೦೨ ಜುಲೈ ೯, ಮಂಗಳವಾರ. ಮಲ್ಲಂದೂರು

ಡಾಕ್ಟರಮ್ಮ ಬರೆದಿಡಲು ಹೇಳಿದ್ದಾರೆ, ಅದಕ್ಕೇ ಈ ಪುಸ್ತಕ. ಮುಟ್ಟಾದ ದಿನ, ಬೆಳಿಗ್ಗೆ ಹಾಸಿಗೆ ಬಿಡುವ ಮೊದಲಿನ ಮೈಬಿಸಿ, ತೂಕ, ತಿಂದದ್ದು. ಇಷ್ಟು ಬರೆದರೆ ಸಾಕಂತೆ. ಆದರೆ ಹಾಳೆಯಲ್ಲಿ ಜಾಗ ಬೇಕಾದಷ್ಟಿದೆ. ಉಳಿದದ್ದನ್ನೂ ಇಲ್ಲೇ ಬರೆದುಕೊಳ್ಳುತ್ತೇನೆ.

ನಿನ್ನೆ ಮಂಗಳೂರಿನ ಆಸ್ಪತ್ರೆಯಿಂದ ಬಂದೆವು. ಕರುಳಿನ ಚೂರು ತೆಗೆದು ಪರೀಕ್ಷೆ ಮಾಡಿದ ಮೇಲೆ ನನ್ನ ಕಾಯಿಲೆಗೆ ಒಂದು ಹೆಸರು ಸಿಕ್ಕಿದೆ: ಸೀಲಿಯಾಕ್. ಗೋಧಿ ಒಳಗೆ ಹೋದರೆ ನನ್ನ ಮೈ ನನ್ನ ಕರುಳನ್ನೇ ಸುಡುತ್ತದಂತೆ. ಹತ್ತು ವರ್ಷದ ಹೊಟ್ಟೆನೋವು, ಭೇದಿ, ಇಪ್ಪತ್ತಾರು ದಿನಕ್ಕೋ ಐವತ್ತೆಂಟು ದಿನಕ್ಕೋ ತನಗೆ ತೋಚಿದಾಗ ಬರುವ ಮುಟ್ಟು, ಮದುವೆಯಾದ ಮೂರನೇ ವರ್ಷ ಎರಡೂವರೆ ತಿಂಗಳಿಗೆ ಇಳಿದುಹೋದ ಬಸಿರು, ಎಲ್ಲಕ್ಕೂ ಅದೇ ಕಾರಣ ಇರಬಹುದಂತೆ.

"ಗೋಧಿ, ಮೈದಾ, ರವೆ, ಬಾರ್ಲಿ ಒಂದು ಕಾಳೂ ಬೇಡ ಶಾಲಿನಿ. ಅಕ್ಕಿ, ರಾಗಿ, ಬೇಳೆ, ಹಾಲು, ಮೊಟ್ಟೆ, ಕೋಳಿ ಎಲ್ಲ ಹೊಟ್ಟೆತುಂಬ ತಿನ್ನಿ. ಕರುಳು ಗುಣವಾದ್ರೆ ಮುಟ್ಟು ತಾನಾಗಿ ದಾರಿಗೆ ಬರ್ತದೆ. ಮಗುವಿನ ಮಾತು ಆಮೇಲೆ ಆಡುವ" ಅಂದರು ಡಾಕ್ಟರಮ್ಮ.

ಗಾಡಿ ಓಡಿಸುತ್ತಿದ್ದದ್ದು ನನ್ನ ಗಂಡ ದೇವರಾಜ. ಕೊಟ್ಟಿಗೆಹಾರ ದಾಟಿದ ಮೇಲೆ, "ಪರೋಟ ತಿನ್ನೋದು ನಾನೂ ಬಿಟ್ಟೆ ಮಾರಾಯ್ತಿ" ಎಂದರು. ಇವರಿಂದ ಅದು ದೊಡ್ಡ ಮಾತು. ಅತ್ತೆ ವಸಂತಮ್ಮ ಕಾಯಿಲೆಯ ವಿಷಯ ಕೇಳಿ ಮೂಗಿನ ಮೇಲೆ ಬೆರಳಿಟ್ಟುಕೊಂಡರು. "ಗೋಧಿನಾ? ನಮ್ಮಜ್ಜಿ ಕಾಲಕ್ಕೆ ಈ ಊರಿಗೆ ಗೋಧಿ ಬಂದೇ ಇರ್ಲಿಲ್ಲ. ಹೋದ್ರೆ ಹೋಯ್ತು, ಎಂತ ನಷ್ಟ? ದಿನಾ ಅಕ್ಕಿರೊಟ್ಟಿ ತಟ್ಟಿ ಹಾಕ್ತೀನಿ, ತಿಂದ್ಕೊಂಡಿರು."

ಕಾಫಿ ಮೂಟೆ ತೂಗುವ ತಕ್ಕಡಿಯ ಮೇಲೆ ನಿಂತೆ. ನಲವತ್ತಮೂರು ಕಿಲೋ. ಒಂದು ಮೂಟೆಗೂ ಕಡಿಮೆ.

ಆಗಸ್ಟ್ ೨೨, ಗುರುವಾರ

ಆರು ವಾರದಿಂದ ಗೋಧಿಯ ನೆರಳೂ ಸೋಕಿಲ್ಲ. ಆದರೂ ಹೊಟ್ಟೆ ಹಾಗೆಯೇ ಹಿಂಡುತ್ತಿತ್ತು. ಯಾಕೆಂದು ಇವತ್ತು ಗೊತ್ತಾಯಿತು.

ಅಡುಗೆಗೆ ಬರುವ ಸಿದ್ದಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಇಂಗಿನ ಡಬ್ಬಿ ಸುಮ್ಮನೆ ಕೈಗೆತ್ತಿಕೊಂಡು ಹಿಂಬದಿಯ ಸಣ್ಣ ಅಕ್ಷರ ಓದಿದೆ. ಅಂಟು, ಇಂಗು, ಗೋಧಿ ಹಿಟ್ಟು. ಮೂರು ಸಲ ಓದಿದೆ. ದಿನಕ್ಕೆ ಎರಡು ಹೊತ್ತು, ಸಾರು, ಪಲ್ಯ, ಉಪ್ಪಿನಕಾಯಿ, ಎಲ್ಲದರಲ್ಲೂ ಇತ್ತು. ನಾನೇ ಕೇಳಿ ಹಾಕಿಸಿಕೊಳ್ಳುತ್ತಿದ್ದೆ.

ಅತ್ತೆ ಡಬ್ಬಿ ಕಿತ್ತುಕೊಂಡು ಹೋಗಿ ಗೊಬ್ಬರದ ಗುಂಡಿಗೆ ಎಸೆದರು. "ನಾವೇ ಕೈಯಾರೆ ಹಾಕಿದ್ವಲ್ಲಮ್ಮಾ" ಎಂದು ಸಿದ್ದಮ್ಮ ಹಣೆ ಚಚ್ಚಿಕೊಂಡಳು. ನಾನು ನಗಾಡಿದೆ. ಶತ್ರು ಸಿಕ್ಕಿಬಿದ್ದನಲ್ಲ ಎಂದು ನಿಜವಾಗಿಯೂ ಖುಷಿಯಾಗಿತ್ತು.

ಅಕ್ಟೋಬರ್ ೨೧, ಸೋಮವಾರ

ಮುಟ್ಟಾಯಿತು. ಮೂವತ್ತೊಂದನೇ ದಿನ! ಹಿಂದಿನದು ಮೂವತ್ಮೂರು. ಹದಿಹರೆಯದಿಂದ ಈಚೆಗೆ ಹೀಗೆ ಸಾಲಾಗಿ ಎರಡು ಸಲ ಬಂದದ್ದು ಇದೇ ಮೊದಲು. ನಡುವಿನಲ್ಲಿ ಮೈಬಿಸಿ ೯೭.೨ರಿಂದ ೯೭.೯ಕ್ಕೆ ಏರಿ ಹನ್ನೆರಡು ದಿನ ಅಲ್ಲೇ ನಿಂತಿತ್ತು. ಅಂಡ ಬಿಡುಗಡೆಯಾದ ಗುರುತು ಅದು, ಡಾಕ್ಟರಮ್ಮ ಹೇಳಿದ ಹಾಗೆಯೇ. ತೂಕ ನಲವತ್ತೇಳೂವರೆ. ನಿನ್ನೆ ಕೋಳಿಸಾರಿಗೆ ಆರು ಕಡುಬು ತಿಂದೆ. ಇವರು ಎಣಿಸಿದರು.

ನವೆಂಬರ್ ೨೦, ಬುಧವಾರ

ನಿನ್ನೆ ಹುಣ್ಣಿಮೆ. ಅತ್ತೆ ಸತ್ಯನಾರಾಯಣ ಪೂಜೆ ಮಾಡಿಸಿದರು. ಯಾತಕ್ಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಬಂದವರಿಗೆಲ್ಲ ಗೊತ್ತಿತ್ತು. ಪ್ರಸಾದ ಗೋಧಿ ರವೆಯ ಸಜ್ಜಿಗೆ. ನನಗೆ ಬಾಳೆಹಣ್ಣು ಸಾಕೆಂದು ಮೊದಲೇ ಹೇಳಿದ್ದೆ. ಆದರೆ ಮಂಗಳಾರತಿ ಆದದ್ದೇ ಅತ್ತೆ ಒಂದು ಚಿಟಿಕೆ ತೆಗೆದು ನನ್ನ ಅಂಗೈಗಿಟ್ಟರು. ಅವರ ಕಣ್ಣು ತುಂಬಿತ್ತು.

"ಇದು ಗೋಧಿ ಅಲ್ಲ ಕಣೇ, ಪ್ರಸಾದ. ಇಷ್ಟೇ ಇಷ್ಟು. ದೇವ್ರು ನೋಡ್ಕೊಳ್ತಾನೆ."

ಹನ್ನೆರಡು ಜನ ಹೆಂಗಸರು ನನ್ನ ಕೈಯನ್ನೇ ನೋಡುತ್ತಿದ್ದರು. ಬಾಯಿಗೆ ಹಾಕಿಕೊಂಡೆ. ತುಪ್ಪ, ಏಲಕ್ಕಿ. ಎಷ್ಟು ರುಚಿಯಾಗಿತ್ತೆಂದರೆ ಈಗ ನೆನೆದರೆ ಹೆದರಿಕೆಯಾಗುತ್ತದೆ.

ನವೆಂಬರ್ ೨೯, ಶುಕ್ರವಾರ

ಮುಟ್ಟು ಬಂತು. ಮೂವತ್ತೊಂಬತ್ತನೇ ದಿನ. ಪ್ರಸಾದ ತಿಂದ ಮೇಲೆ ಮೂರು ದಿನ ಭೇದಿ, ಎಂಟು ದಿನ ತಡ. ಆ ಎಂಟು ದಿನ ನಾನು ಏನೇನು ಆಸೆ ಇಟ್ಟುಕೊಂಡಿದ್ದೆ ಎಂಬುದನ್ನು ಇಲ್ಲಿಯೂ ಬರೆಯಲಾರೆ.

ಆಸ್ಪತ್ರೆಗೆ ಫೋನ್ ಮಾಡಿದೆ. "ಎಂಟು ದಿನ ಹಿಂದೆ ಮುಂದೆ ಯಾರಿಗಾದ್ರೂ ಆಗ್ತದೆ. ಹೆದರ್ಬೇಡಿ, ಊಟ ಬಿಡಬೇಡಿ" ಎಂದು ಡಾಕ್ಟರಮ್ಮ ನಕ್ಕರು. ಅವರಿಗೇನು, ನಗಬಹುದು.

ಒಂದು ಚಿಟಿಕೆಗೆ ಎಂಟು ದಿನ. ಹಾಗಾದರೆ ಒಂದು ಕಣಕ್ಕೆ ಎಷ್ಟು?

ಡಿಸೆಂಬರ್ ೮, ಭಾನುವಾರ

ಕಾಫಿ ಒಣಗಿಸುವ ಕಣದ ಪಕ್ಕದಲ್ಲಿ ಖಾಲಿ ಚೀಲ ಇಡುವ ಕೋಣೆಯೊಂದಿದೆ. ಅದನ್ನು ತೊಳೆಸಿ, ಸುಣ್ಣ ಹೊಡೆಸಿ, ನನ್ನ ಒಲೆ ಹೂಡಿದೆ. ಹೊಸ ಪಾತ್ರೆ, ಹೊಸ ಸೌಟು, ನನ್ನದೇ ಒರಳು. ದೊಡ್ಡ ಅಡುಗೆಮನೆಯಲ್ಲಿ ಸಿದ್ದಮ್ಮ ಎಲ್ಲರಿಗೂ ಚಪಾತಿ ಲಟ್ಟಿಸುತ್ತಾಳೆ, ಅದೇ ಕೈಯಲ್ಲಿ ನನ್ನ ಅನ್ನ ಬಸಿಯುತ್ತಾಳೆ. ಎಷ್ಟೆಂದು ಕಾಯುವುದು?

ಅತ್ತೆ ಬಾಗಿಲಲ್ಲೇ ನಿಂತು ನೋಡಿದರು. "ಈ ಮನೇಲಿ ಅಣ್ಣತಮ್ಮಂದಿರು ಪಾಲಾದಾಗ್ಲೂ ಬೇರೆ ಒಲೆ ಹೂಡಿರ್ಲಿಲ್ಲ. ಚಪಾತಿನೇ ಬೇಡ ಅಂತ ಮಾಡುವ, ಮನೆಗೇ ಗೋಧಿ ತರದು ಬೇಡ. ನೀ ಒಳಗೆ ಬಾ."

"ಬಟ್ಟೆಯಲ್ಲಿ, ಗೋಡೆಯಲ್ಲಿ, ಎಲ್ಲ ಕಡೆ ಇರ್ತದೆ ಅತ್ತೆ. ನಿಮಗೆ ಕಾಣಲ್ಲ."

ಅವರು ತಿರುಗಿ ದೊಡ್ಡ ಅಡುಗೆಮನೆಗೆ ನಡೆದರು. ಕೋಣೆ ಬಹಳ ಚೊಕ್ಕವಾಗಿದೆ. ಅಲ್ಲಿ ಕುಳಿತರೆ ಸಮಾಧಾನ.

೨೦೦೩ ಜನವರಿ ೨, ಗುರುವಾರ

ರಾಗಿ ಬಿಟ್ಟೆ. ಹಿಟ್ಟಿನ ಗಿರಣಿಗೆ ನಾನೇ ಹೋಗಿ ನೋಡಿದೆ. ನನ್ನ ರಾಗಿಗೆ ಮೊದಲು ಯಾರದೋ ಗೋಧಿ ಬೀಸಿದ್ದರು. ಬೆಲ್ಟಿನ ಮೇಲೆ ಬೆಳ್ಳಗೆ ಕೂತಿತ್ತು. ಇಷ್ಟು ದಿನ ಅದನ್ನೇ ತಿಂದೆನಲ್ಲ.

ಜನವರಿ ೧೯, ಭಾನುವಾರ

ಹನ್ನೊಂದನೇ ತಾರೀಕು ಮುಟ್ಟಾಯಿತು. ನಲವತ್ತಮೂರು ದಿನ, ಅದೂ ಬರೀ ಕಲೆ. ಎಲ್ಲಿಂದಲೋ ಇನ್ನೂ ಒಳಗೆ ಬರುತ್ತಿದೆ. ಅಂಗಡಿಯವನು ಒಂದೇ ಮೊಗೆಯಲ್ಲಿ ರವೆಯನ್ನೂ ಬೇಳೆಯನ್ನೂ ತೆಗೆಯುತ್ತಾನೆ. ಬೇಳೆ ಬಿಟ್ಟೆ. ಅದೇ ಕಾರಣಕ್ಕೆ ಸಕ್ಕರೆ, ಬೆಲ್ಲವನ್ನೂ ಬಿಟ್ಟೆ. ಕೊಟ್ಟಿಗೆಯಲ್ಲಿ ಹಸುವಿಗೆ ಇಡುವ ಬೂಸಾ ಗೋಧಿ ಹೊಟ್ಟಿನದು. ಹಸು ತಿಂದದ್ದು ಹಾಲಿಗೆ ಬರದೆ ಎಲ್ಲಿ ಹೋಗುತ್ತದೆ? ಇವರಿಗೆ ಹೇಳಿದರೆ, "ಹಾಗೆಲ್ಲ ಬರಲ್ಲ ಕಣೇ, ಡಾಕ್ಟ್ರೇ ಹಾಲು ಕುಡಿ ಅಂದಿಲ್ವಾ?" ಎಂದರು. ಡಾಕ್ಟರು ನಮ್ಮ ಕೊಟ್ಟಿಗೆ ನೋಡಿದ್ದಾರೆಯೇ?

ತೂಕ ನಲವತ್ತಮೂರು. ತಕ್ಕಡಿ ಕಾಫಿ ಮೂಟೆ ಹೊತ್ತು ಹೊತ್ತು ಕೆಟ್ಟಿರಬೇಕು.

ಫೆಬ್ರವರಿ ೧೪, ಶುಕ್ರವಾರ

ಗಂಜಿ, ಉಪ್ಪು. ಮೈಬಿಸಿ ೯೬.೮. ಹೊಟ್ಟೆ ಶಾಂತ.

ಮಾರ್ಚ್ ೧, ಶನಿವಾರ

ಇವರು ಕೋಣೆಗೆ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಒಳಗೆ ಬರುವ ಮೊದಲು ಚಪ್ಪಲಿ ಬಿಟ್ಟು ಕೈ ತೊಳೆಯಬೇಕು ಎಂದು ನೆನಪಿಸಿದೆ. ತೊಳೆಯಲಿಲ್ಲ, ಒಳಗೂ ಬರಲಿಲ್ಲ.

"ಶಾಲಿನಿ, ಮಗು ಬೇಡ ಮಾರಾಯ್ತಿ. ನೀನಿದ್ರೆ ಸಾಕು. ಇದನ್ನೆಲ್ಲ ಬಿಟ್ಟು ಬಾ."

ಆರು ವರ್ಷ ಕಾದು, ದಡ ಕಾಣುವ ಹೊತ್ತಿಗೆ ಇವರು ಕೈಬಿಟ್ಟರು. ನನಗೆ ಸಿಟ್ಟೂ ಬರಲಿಲ್ಲ. ಇನ್ನು ಇದು ನನ್ನೊಬ್ಬಳ ಕೆಲಸ.

ಮಾರ್ಚ್ ೧೨, ಬುಧವಾರ

ಅರವತ್ತನೇ ದಿನ. ಮುಟ್ಟು ಬಂದಿಲ್ಲ.

ಯಾರಿಗೂ ಹೇಳುವುದಿಲ್ಲ, ದೃಷ್ಟಿಯಾಗುತ್ತದೆ. ಬೀರುವಿನಲ್ಲಿದ್ದ ಬಸಿರು ಪರೀಕ್ಷೆಯ ಕಿಟ್ ತೆಗೆದು ನೋಡಿದೆ. ಎರಡು ಗೆರೆ ಬರಬೇಕಿತ್ತು, ಒಂದೇ ಬಂತು. ಕಿಟ್ ಹಳೆಯದು, ತಾರೀಕು ಮುಗಿದು ಎಷ್ಟೋ ಕಾಲವಾಗಿದೆ. ಮೈಬಿಸಿ ಏರಬೇಕಿತ್ತು, ೯೬.೪ ಇದೆ. ಮಾರ್ಚ್ ಬಂದರೂ ನನಗೆ ಚಳಿ ಹೋಗಿಲ್ಲ, ಎರಡು ಸ್ವೆಟರ್ ಹಾಕಿಕೊಂಡೇ ಮಲಗುತ್ತೇನೆ. ಅದಕ್ಕೇ ಇರಬೇಕು.

ಮಾರ್ಚ್ ೨೩, ಭಾನುವಾರ

ಹತ್ತು ದಿನದ ಹಿಂದಿನ ಮಳೆಗೆ ಕಾಫಿ ತೋಟವೆಲ್ಲ ಬೆಳ್ಳಗೆ ಹೂವಾಗಿದೆ. ಆ ವಾಸನೆಗೆ ನನಗೆ ಹೊಟ್ಟೆ ತೊಳಸುತ್ತದೆ. ಸಂಜೆಗೆ ಪಾದ ಊದಿಕೊಳ್ಳುತ್ತದೆ, ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ. ಹೊಟ್ಟೆಯೂ ಸ್ವಲ್ಪ ಮುಂದೆ ಬಂದ ಹಾಗಿದೆ. ಎಲ್ಲವೂ ಸರಿಯಾಗಿಯೇ ನಡೆಯುತ್ತಿದೆ.

ಸಿದ್ದಮ್ಮ ಕಣದ ಅಂಚಿಗೆ ಬಂದು ನಿಂತಳು. "ಅಮ್ಮಾ, ನಾ ಆರು ಹೆತ್ತೋಳು. ನೀವು ಅಂದ್ಕೊಂಡಂಗೆ ಇದ್ರೆ ಕೆನ್ನೆ ತುಂಬ್ತಾವೆ. ನಿಮ್ ಬಳೆ ನೋಡಿ, ಮೊಣಕೈಗೆ ಏರಿ ಕೂತಾವೆ."

ನಾನು ಯಾರಿಗೂ ಹೇಳದ್ದು ಇವಳಿಗೆ ಹೇಗೆ ತಿಳಿಯಿತು? ಇನ್ನು ಮೇಲೆ ಕಣ ದಾಟಿ ಈಚೆಗೆ ಬರಬೇಡ ಎಂದೆ. ಅವಳ ಸೆರಗಿನಲ್ಲಿ ಹಿಟ್ಟಿತ್ತು.

ಏಪ್ರಿಲ್ ೨, ಬುಧವಾರ. ಯುಗಾದಿ

ಎಂಬತ್ತೊಂದು ದಿನ. ಹಿಂದಿನ ಸಲ ಬಸಿರು ಎಪ್ಪತ್ತೈದಕ್ಕೆ ಇಳಿದುಹೋಗಿತ್ತು. ಆ ಗಡಿ ದಾಟಿದೆ. ಇವತ್ತು ಹೇಳಿಬಿಟ್ಟೆ.

ಇವರೂ ಅತ್ತೆಯೂ ಹೋಳಿಗೆ ಎಲೆಯ ಮುಂದೆ ಕುಳಿತಿದ್ದರು. ನಾನು ಹೊಸ್ತಿಲಾಚೆ ನಿಂತೇ ಹೇಳಿದೆ. ಇವರು ಎಲೆ ಬಿಟ್ಟು ಎದ್ದುಹೋದರು. ಅತ್ತೆ ಬಂದು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದರು. ಹೆಬ್ಬೆರಳಿನಿಂದ ಕೆನ್ನೆಯ ಮೂಳೆ ಸವರಿದರು, ಕಿವಿಯ ಹಿಂದೆ, ಕೊರಳ ಗುಂಡಿ. ಆಮೇಲೆ ಬಿಕ್ಕಿ ಬಿಕ್ಕಿ ಅತ್ತರು. ಪಾಪ, ಎಷ್ಟು ವರ್ಷದಿಂದ ಕಾದಿದ್ದರು.

ಏಪ್ರಿಲ್ ೧೦, ಗುರುವಾರ

ಮೊನ್ನೆ ಇವರು ನನ್ನನ್ನು ಮಂಗಳೂರಿಗೆ ಕರೆದೊಯ್ದರು. ಸ್ಕ್ಯಾನ್ ಮಾಡುವ ಹುಡುಗಿ ತಣ್ಣಗಿನ ಅಂಟನ್ನು ಹೊಟ್ಟೆಗೆ ಸವರಿ ಬಹಳ ಹೊತ್ತು ಹುಡುಕಿದಳು.

"ಮಗು ಇಲ್ಲ ಶಾಲಿನಿ. ಇರಲೇ ಇಲ್ಲ" ಎಂದರು ಡಾಕ್ಟರಮ್ಮ. ತೂಕ ನೋಡಿದರು, ಮೂವತ್ತಾರು. ಏನು ತಿನ್ನುತ್ತೀರಿ ಎಂದು ಕೇಳಿದರು, ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿದರು. "ನಿಮ್ಮ ಮೈ ಉಪವಾಸ ಬಿದ್ದಿದೆ. ಜೀವ ಉಳಿಸಿಕೊಳ್ಳೋಕೆ ಮುಟ್ಟು ನಿಲ್ಲಿಸಿದೆ, ಇನ್ನೇನಲ್ಲ." ಅಡ್ಮಿಟ್ ಆಗಬೇಕೆಂದರು. ನಾನು ಕಾರಿನಲ್ಲಿ ಹೋಗಿ ಕುಳಿತು ಬಾಗಿಲು ಹಾಕಿಕೊಂಡೆ.

ಇವತ್ತು ರಕ್ತಪರೀಕ್ಷೆಯ ಫಲಿತಾಂಶಕ್ಕೆ ಫೋನ್ ಬಂತು. ಗೋಧಿಯ ಸುಳಿವೇ ಇಲ್ಲವಂತೆ. ಇಂಗು ಬಿಟ್ಟಾಗಿನಿಂದಲೇ ಕರುಳು ಗುಣವಾಗುತ್ತ ಬಂದಿರಬೇಕಂತೆ, ಈಗ ನನ್ನನ್ನು ತಿನ್ನುತ್ತಿರುವುದು ಆ ಕಾಯಿಲೆಯೇ ಅಲ್ಲವಂತೆ.

ಹಾಗಾದರೆ ಮಗು ಎಲ್ಲಿ? ಏನೋ ಒಂದು ಇನ್ನೂ ಒಳಗೆ ಹೋಗುತ್ತಿದೆ, ಅದಕ್ಕೇ ಅದು ನಿಲ್ಲಲಿಲ್ಲ. ಅಕ್ಕಿಯನ್ನು ಇನ್ನು ಏಳು ನೀರಿನಲ್ಲಿ ತೊಳೆಯುತ್ತೇನೆ. ಒಂದು ಸೌಟು ಕಡಿಮೆ ಮಾಡುತ್ತೇನೆ.

ಏಪ್ರಿಲ್ ೧೪, ಸೋಮವಾರ

ಬೆಳಿಗ್ಗೆ ಅತ್ತೆ ತಮ್ಮ ಮಣೆ, ತಟ್ಟೆ ಹಿಡಿದು ನನ್ನ ಕೋಣೆಗೆ ಬಂದರು. ಸ್ನಾನ ಮಾಡಿ ಒಗೆದ ಸೀರೆ ಉಟ್ಟಿದ್ದರು. ಕೈಯನ್ನು ಮೊಣಕೈವರೆಗೆ ತೊಳೆದು ತೋರಿಸಿದರು.

"ನಂಗೂ ಬಡಿಸು."

"ನಿಮಗೆ ಇದು ಸಾಲಲ್ಲ ಅತ್ತೆ."

"ನಿಂಗೆ ಸಾಲೋದು ನಂಗೂ ಸಾಲ್ತದೆ. ನೀ ಎಷ್ಟು ಹಾಕ್ಕೊಳ್ತೀಯೋ ಅಷ್ಟೇ ಹಾಕು. ಒಂದು ಅಗುಳು ಜಾಸ್ತಿ ಬೇಡ."

ಎರಡು ಸೌಟು ಗಂಜಿ ಕುಡಿದು, ಅದರ ತಿಳಿಯಲ್ಲೇ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದರು. ಮಧ್ಯಾಹ್ನವೂ ಬಂದರು, ರಾತ್ರಿಗೂ ಬಂದರು.

ಏಪ್ರಿಲ್ ೨೯, ಮಂಗಳವಾರ

ಅತ್ತೆ ಒಂದು ಹೊತ್ತೂ ತಪ್ಪಿಸುವುದಿಲ್ಲ. ದೊಡ್ಡ ಅಡುಗೆಮನೆಯಲ್ಲಿ ಒಂದು ಲೋಟ ಕಾಫಿಯನ್ನೂ ಮುಟ್ಟುವುದಿಲ್ಲವಂತೆ. ಇವರು ಇಬ್ಬರ ಮೇಲೂ ಕೂಗಾಡಿ ಸೋತಿದ್ದಾರೆ. ಅತ್ತೆ ತಮ್ಮ ಅತ್ತಿಗುಂಡಿಯ ತವರಿನ ಕತೆ ಹೇಳುತ್ತಾರೆ, ನಾನು ಕೇಳುತ್ತೇನೆ. ಈ ಮನೆಗೆ ಬಂದ ಮೇಲೆ ನನಗೆ ಇಷ್ಟು ಒಳ್ಳೆಯ ಜೊತೆ ಸಿಕ್ಕಿರಲಿಲ್ಲ.

ಮೇ ೧೧, ಭಾನುವಾರ

ಅತ್ತೆಗೆ ಏನೋ ಆಗುತ್ತಿದೆ. ರವಿಕೆ ಭುಜದಿಂದ ಜಾರುತ್ತದೆ. ಕಣ ದಾಟಿ ಬರುವಾಗ ಎರಡು ಕಡೆ ಕೂರುತ್ತಾರೆ. ತಟ್ಟೆ ಹಿಡಿದ ಕೈ ನಡುಗಿ ಗಂಜಿ ಚೆಲ್ಲಿತು. ಕಣ್ಣು ಒಳಗೆ ಹೋಗಿ ಮುಖವೇ ಬೇರೆಯವರದಾಗಿದೆ. ಒಂದು ತಿಂಗಳಲ್ಲಿ ಯಾರಾದರೂ ಹೀಗೆ ಇಳಿದುಹೋಗುತ್ತಾರೆಯೇ? ಒಳಗೊಳಗೇ ದೊಡ್ಡ ಕಾಯಿಲೆ ಇರಬೇಕು.

"ನೀವು ಮನೆಗೆ ಹೋಗಿ ಸರಿಯಾಗಿ ಉಣ್ಣಿ ಅತ್ತೆ. ಈ ಗಂಜಿಯಲ್ಲಿ ಜೀವ ನಿಲ್ಲಲ್ಲ" ಎಂದೆ.

ಅವರು ನನ್ನನ್ನೇ ನೋಡಿದರು. "ನೀ ಏಳು. ಇಬ್ರೂ ಹೋಗುವ."

ನಾನು ಏಳಲಿಲ್ಲ. ಪಾತ್ರೆ ತೊಳೆಯುವುದಿತ್ತು.

ಮೇ ೨೨, ಗುರುವಾರ. ಚಿಕ್ಕಮಗಳೂರು ಆಸ್ಪತ್ರೆ

ಬೆಳಿಗ್ಗೆ ಒಂಬತ್ತಕ್ಕೆ ಅತ್ತೆ ಮಣೆಯ ಮೇಲೆ ಕುಳಿತವರು, ಗಂಜಿ ಬಡಿಸುವಷ್ಟರಲ್ಲಿ ಏನೇನೋ ಮಾತಾಡತೊಡಗಿದರು. "ಮಳೆ ಬಂತು, ಕಾಫಿ ನೆನೀತದೆ, ಬಾಚ್ರೇ" ಎಂದರು. ಹೊರಗೆ ಸುಡುಬಿಸಿಲು, ಕಣ ಖಾಲಿ. ಮೈಯೆಲ್ಲ ಬೆವರಿ ಸೀರೆ ಒದ್ದೆಯಾಗಿತ್ತು. ಹಿಡಿಯುವ ಮೊದಲೇ ಪಕ್ಕಕ್ಕೆ ಉರುಳಿದರು.

ನಾನು ಕೂಗಿದ್ದಕ್ಕೆ ಸಿದ್ದಮ್ಮ ಕಣ ದಾಟಿ ಓಡಿಬಂದಳು. ಬರಬೇಡ ಎಂದಿದ್ದು ಇಬ್ಬರಿಗೂ ನೆನಪಿರಲಿಲ್ಲ. "ಸಕ್ಕರೆ ಇಳ್ದೈತೆ! ಮಾತ್ರೆ ನುಂಗಿ ಹೊಟ್ಟೆಗೆ ಎಂತದೂ ಇಲ್ದೆ ಹಿಂಗಾಗೈತೆ. ಸಕ್ಕರೆ ತನ್ನಿ ಅಮ್ಮಾ, ಸಕ್ಕರೆ!"

ನನ್ನ ಕೋಣೆಯಲ್ಲಿ ಸಕ್ಕರೆ ಇರಲಿಲ್ಲ. ಬೆಲ್ಲ ಇರಲಿಲ್ಲ. ಹಾಲು, ಹಣ್ಣು, ಜೇನು, ಏನೂ ಇರಲಿಲ್ಲ. ಗೋಡೆಯ ಶೆಲ್ಫುಗಳನ್ನು ನೋಡಿದೆ. ಒಂದು ಡಬ್ಬಿ ಉಪ್ಪು, ಅಕ್ಕಿ. ಅಷ್ಟೇ. ಈ ಕೋಣೆ ಇಷ್ಟು ಖಾಲಿ ಇತ್ತೇ?

ಓಡಿದೆ. ಓಡಿದೆ ಎಂದು ಬರೆಯಬಹುದು, ಆದರೆ ಕಾಲು ಎತ್ತಿ ಇಡಲು ಆಗುತ್ತಿರಲಿಲ್ಲ. ಕಣದ ನಡುವೆ ಎರಡು ಸಲ ಬಿದ್ದೆ. ಎದೆ ಬಡಿದು ಕಣ್ಣು ಕತ್ತಲಾಯಿತು. ಅವರು ಅಲ್ಲಿ ಸಾಯುತ್ತಿದ್ದಾರೆ, ನನ್ನಿಂದ ಇಪ್ಪತ್ತು ಮಾರು ನಡೆಯಲಾಗುತ್ತಿಲ್ಲ ಎಂದುಕೊಂಡದ್ದು ಮಾತ್ರ ಚೆನ್ನಾಗಿ ನೆನಪಿದೆ.

ಅಡುಗೆಮನೆಯ ಕಟ್ಟೆಯ ಮೇಲೆ ಸಿದ್ದಮ್ಮ ಚಪಾತಿಗೆ ಕಲೆಸುತ್ತಿದ್ದವಳು ಹಾಗೆಯೇ ಬಿಟ್ಟು ಬಂದಿದ್ದಳು. ಹಿಟ್ಟು ಹರಡಿತ್ತು, ಸಕ್ಕರೆ ಡಬ್ಬಿಯ ಮುಚ್ಚಳದ ಮೇಲೂ ಅವಳ ಬೆರಳ ಗುರುತು. ನಾನು ಅದನ್ನು ತಬ್ಬಿಕೊಂಡು ವಾಪಸು ಬಂದೆ. ಬೆರಳಿನಿಂದ ಅತ್ತೆಯ ಕೆನ್ನೆಯ ಒಳಗೆ, ಒಸಡಿಗೆ ಸಕ್ಕರೆ ತಿಕ್ಕಿದೆ. ಹಲ್ಲು ಕಚ್ಚಿಕೊಂಡಿದ್ದರು. ಎಷ್ಟು ಹೊತ್ತೋ ತಿಕ್ಕಿದೆ. ಕೊನೆಗೆ ಗಂಟಲು ಆಡಿತು.

ಇವರು ತೋಟದಿಂದ ಜೀಪು ತಂದರು. ಹಿಂದಿನ ಸೀಟಿನಲ್ಲಿ ಅತ್ತೆಯ ತಲೆ ನನ್ನ ತೊಡೆಯ ಮೇಲಿತ್ತು. ಮೂಳೆ ಒತ್ತುತ್ತದೆಂದು ಇವರು ತಮ್ಮ ಅಂಗಿ ಬಿಚ್ಚಿ ನಡುವೆ ಇಟ್ಟರು. ಯಾರ ಮೂಳೆ ಎಂದು ಹೇಳಲಿಲ್ಲ.

ಈಗ ಸಂಜೆ. ಗ್ಲುಕೋಸ್ ಇಳಿಯುತ್ತಿದೆ. ನಾನು ಇನ್ನೂ ಕೈ ತೊಳೆದಿಲ್ಲ ಎಂದು ಈಗ ನೋಡಿದೆ.

ಮೇ ೨೬, ಸೋಮವಾರ. ಆಸ್ಪತ್ರೆ

ಅತ್ತೆಗೆ ಮಾತು ಸರಿಯಾಗಿ ಬಂದಿದೆ. ಎಡಗೈ ಇನ್ನೂ ಸೋತಂತಿದೆ, ಪೂರ್ತಿ ಸರಿಹೋಗುವುದೋ ಇಲ್ಲವೋ ಎಂದು ಇಲ್ಲಿನ ಡಾಕ್ಟರು ಹೇಳುತ್ತಿಲ್ಲ. ಖಾಲಿ ಹೊಟ್ಟೆಯಲ್ಲಿ ಈ ಮಾತ್ರೆ ನುಂಗಬಾರದೆಂದು ಹತ್ತು ವರ್ಷದಿಂದ ಹೇಳುತ್ತಿದ್ದೇವಲ್ಲ ಎಂದು ಅವರು ನಮ್ಮನ್ನು ಬೈದರು.

ಇವರು ಔಷಧಿ ತರಲು ಹೋದಾಗ ಅತ್ತೆಯನ್ನು ಕೇಳಿದೆ. "ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಸತ್ತೇ ಹೋಗಿದ್ರೆ?"

"ಆ ಒಲೆ ಮುಂದೆ ಯಾರಾದ್ರೂ ಒಬ್ರು ಸಾಯದು ಹೆಂಗೂ ಇತ್ತು ಕಣೇ" ಎಂದರು. ದನಿ ಏರಿಸಲಿಲ್ಲ. "ನಂಗೆ ಅರವತ್ತಾರು. ನಿಂಗೆ ಮೂವತ್ತೊಂದು. ಯೋಚ್ನೆ ಮಾಡಕ್ಕೆ ಎಂತ ಇತ್ತು?"

ನಾನು ಕಿಟಕಿಯ ಕಡೆ ತಿರುಗಿ ಕುಳಿತೆ.

ಮಧ್ಯಾಹ್ನ ಸಿದ್ದಮ್ಮ ಕಳಿಸಿದ ಡಬ್ಬಿ ಬಂತು. ಅನ್ನ, ಹೆಸರುಕಾಳಿನ ಸಾರು, ಮೊಟ್ಟೆ ಪಲ್ಯ. ನರ್ಸು ಬಂದು, "ಪೇಷಂಟಿಗೆ ತಿನ್ನಿಸಿ" ಎಂದಳು. ಕಲೆಸಿ ಒಂದು ತುತ್ತು ಅತ್ತೆಯ ಬಾಯಿಗೆ ಹಿಡಿದೆ. ಅವರು ತುಟಿ ಬಿಗಿದರು. ಕಣ್ಣು ಮಿಟುಕಿಸದೆ ನನ್ನನ್ನು ನೋಡುತ್ತಿದ್ದರು. ಕೈ ನೋಯುವವರೆಗೆ ಹಿಡಿದೇ ಇದ್ದೆ. ಆ ಮುದುಕಿ ಅಲುಗಲಿಲ್ಲ.

ಆ ತುತ್ತನ್ನು ನನ್ನ ಬಾಯಿಗೆ ಹಾಕಿಕೊಂಡೆ. ನುಂಗಲು ಬಹಳ ಹೊತ್ತಾಯಿತು. ನುಂಗಿದ ಮೇಲೆ ಅವರು ಬಾಯಿ ತೆರೆದರು.

ಒಂದು ನನಗೆ, ಒಂದು ಅವರಿಗೆ. ನಾಲ್ಕನೆಯದಕ್ಕೆ ನನಗೆ ವಾಂತಿ ಬಂದಂತಾಗಿ ಕೈ ಕೆಳಗಿಟ್ಟೆ. ಅವರು ಬಾಯಿ ಮುಚ್ಚಿಕೊಂಡು ಕಾದರು. ನಾನು ಮತ್ತೆ ಕೈ ಎತ್ತಿದೆ. ಡಬ್ಬಿ ಖಾಲಿಯಾಗುವಾಗ ಒಂದು ಗಂಟೆ ದಾಟಿತ್ತು, ಇಬ್ಬರೂ ಬೆವರಿದ್ದೆವು.

ನಾಳೆ ಎರಡು ಡಬ್ಬಿ ಕಳಿಸು ಎಂದು ಸಿದ್ದಮ್ಮನಿಗೆ ಹೇಳಿ ಕಳಿಸಬೇಕು.